ಹೊತ್ತ ತಾಯಿಯ ರಕ್ತ, ಹುಟ್ಟಿದ ಮಗುವಿನ ಗ್ರೂಪು

(ಮುಂಬೈಯ ಮಾಟುಂಗದಲ್ಲಿ ಕನ್ನಡಿಗ ಸಭಿಕರೆದುರು ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಹೆರಿಗೆ ವಾರ್ಡಿನಿಂದ ಬ್ಲಡ್ ಬ್ಯಾಂಕಿಗೆ ಎರಡು ಟ್ಯೂಬು ಬರುತ್ತವೆ, ಎರಡಕ್ಕೂ ನೇರಳೆ ಮುಚ್ಚಳ. ಒಂದರ ಚೀಟಿಯಲ್ಲಿ ಹೆತ್ತವಳ ಹೆಸರು, ಇನ್ನೊಂದರಲ್ಲಿ ಅದೇ ಹೆಸರಿನ ಮುಂದೆ ‘ಬೇಬಿ ಆಫ್’. ಪರೀಕ್ಷೆ ಮಾಡಿದರೆ ಹೆತ್ತವಳದು ಓ ಪಾಸಿಟಿವ್, ಮಗುವಿನದು ಎಬಿ ಪಾಸಿಟಿವ್. ತಂತ್ರಜ್ಞ ಅಲ್ಲೇ ಕೈ ತಡೆಯುತ್ತಾನೆ. ಓ ಗ್ರೂಪಿನ ಹೆಂಗಸಿಗೆ ಎಬಿ ಮಗು ಹುಟ್ಟುವುದಿಲ್ಲ ಎಂದು ಅವನು ಮೊದಲ ವರ್ಷವೇ ಕಲಿತಿರುತ್ತಾನೆ. ಟ್ಯೂಬು ಅದಲುಬದಲಾಗಿದೆ ಎಂದು ವಾರ್ಡಿಗೆ ಫೋನ್ ಮಾಡುತ್ತಾನೆ, ಮತ್ತೆ ರಕ್ತ ತೆಗೆಸುತ್ತಾನೆ, ಮತ್ತೆ ಅದೇ ಉತ್ತರ. ಅರ್ಧ ದಿನ ಹೀಗೆ ಕಳೆದ ಮೇಲೆ ಯಾರೋ ಕೇಸ್ ಪೇಪರ್ ತಿರುಗಿಸಿ ನೋಡುತ್ತಾರೆ: ಸರೊಗಸಿ ಕೇಸು, ಅಂದರೆ ಬೇರೆ ದಂಪತಿಗಾಗಿ ಅವಳು ಮಗು ಹೊತ್ತಿದ್ದಳು. ಆ ಮಾತು ಟ್ಯೂಬಿನ ಜೊತೆ ಬಂದ ಫಾರಂನಲ್ಲಿ ಇರಲೇ ಇಲ್ಲ.

ತಂತ್ರಜ್ಞ ಮಾಡಿದ್ದು ಸರಿ, ಸಂಶಯ ಪಡುವುದೇ ಅವನ ಕೆಲಸ. ತಪ್ಪಿದ್ದು ಫಾರಂ ತುಂಬಿದವರು. ಬಾಡಿಗೆ ತಾಯಿಯ ಗರ್ಭದಲ್ಲಿ ಬೆಳೆದ ಮಗುವಿನ ವಿಚಾರದಲ್ಲಿ ‘ಯಾರ ರಕ್ತ’ ಎಂಬ ಒಂದು ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಮಗುವಿನ ರಕ್ತಕಣದ ಮೇಲಿನ ಗುರುತು ಯಾರಿಂದ ಬಂತು? ಮಗುವಿನ ರಕ್ತದ ನೀರಿನಲ್ಲಿ, ಅಂದರೆ ಪ್ಲಾಸ್ಮಾದಲ್ಲಿ, ಹುಟ್ಟುವಾಗ ಇರುವ ಪ್ರತಿಕಾಯಗಳು (ಪರಕೀಯವಾದದ್ದನ್ನು ಎದುರಿಸುವ ಆಂಟಿಬಾಡಿಗಳು) ಯಾರವು? ಮೊದಲನೆಯದಕ್ಕೆ ಉತ್ತರ ಅಂಡಾಣು ಮತ್ತು ವೀರ್ಯಾಣು ಕೊಟ್ಟವರು. ಎರಡನೆಯದಕ್ಕೆ ಉತ್ತರ ಹೊತ್ತವಳು. ಇವತ್ತಿನ ಮಾತೆಲ್ಲ ಇವೆರಡರ ಸುತ್ತಲೇ.

ಮೊದಲು ಗುರುತಿನ ವಿಷಯ. ಎ, ಬಿ, ಓ ಗುಂಪುಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ ಬೇರ್ಪಡಿಸಿ ತೋರಿಸಿದ್ದು 1901ರಲ್ಲಿ. ಇದನ್ನು ನಿರ್ಧರಿಸುವ ವಂಶವಾಹಿ 9ನೇ ವರ್ಣತಂತುವಿನಲ್ಲಿದೆ (ಕ್ರೋಮೋಸೋಮಿನಲ್ಲಿ); ಆರ್‌ಎಚ್‌ನ ಡಿ ಗುರುತಿನ (ಅದಿದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್) ವಂಶವಾಹಿ 1ನೇ ವರ್ಣತಂತುವಿನಲ್ಲಿ. ಪ್ರತಿಯೊಬ್ಬರಿಗೂ ಇವುಗಳ ಒಂದು ಪ್ರತಿ ಅಂಡಾಣುವಿನಿಂದ, ಇನ್ನೊಂದು ವೀರ್ಯಾಣುವಿನಿಂದ ಬರುತ್ತದೆ. ಪ್ರಯೋಗಾಲಯದಲ್ಲಿ ಅವೆರಡೂ ಸೇರಿದ ಗಳಿಗೆಯಲ್ಲೇ ಮಗುವಿನ ಬ್ಲಡ್ ಗ್ರೂಪು ತೀರ್ಮಾನವಾಗಿಹೋಯಿತು. ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವುದು ಮೂರು ದಿನವೋ ಐದು ದಿನವೋ ಆದ ಮೇಲೆ, ಫ್ರೀಜ್ ಮಾಡಿಟ್ಟಿದ್ದರೆ ಇನ್ನೂ ತಡವಾಗಿ. ಆಮೇಲಿನ ಒಂಬತ್ತು ತಿಂಗಳಲ್ಲಿ ಹೊತ್ತವಳು ಏನು ಉಂಡರೂ, ಯಾವ ಇಂಜೆಕ್ಷನ್ ತೆಗೆದುಕೊಂಡರೂ, ಅವಳಿಗೇ ಬೇರೆಯವರ ರಕ್ತ ಏರಿಸಿದರೂ ಆ ಗ್ರೂಪು ಬದಲಾಗುವುದಿಲ್ಲ.

‘ಒಂಬತ್ತು ತಿಂಗಳು ಅವಳ ರಕ್ತ ಕುಡಿದೇ ಬೆಳೆದದ್ದಲ್ಲವಾ’ ಎಂದು ಹಿರಿಯರು ಕೇಳುತ್ತಾರೆ. ಮಗು ಅವಳ ರಕ್ತ ಕುಡಿಯುವುದಿಲ್ಲ. ಮಾಸಿನಲ್ಲಿ ಮಗುವಿನ ರಕ್ತನಾಳಗಳು ಬೇರಿನ ಎಳೆಗಳಂತೆ ಕವಲೊಡೆದು ತಾಯಿಯ ರಕ್ತದಲ್ಲಿ ಅದ್ದಿಕೊಂಡಿರುತ್ತವೆ. ನಡುವೆ ತೆಳ್ಳನೆಯ ಪೊರೆ. ಆಮ್ಲಜನಕ, ಗ್ಲೂಕೋಸು, ನೀರು, ಕೆಲವು ಔಷಧಿಗಳು ದಾಟುತ್ತವೆ. ಕೆಂಪು ಕಣಗಳು ಹಾಗೆ ದಾಟುವುದಿಲ್ಲ. ಪೊರೆ ಅಲ್ಲಲ್ಲಿ ಹರಿದು ಒಂದಿಷ್ಟು ಕಣ ಆಚೀಚೆ ಸೋರುವುದುಂಟು, ಅದರಲ್ಲೂ ಹೆರಿಗೆಯ ಹೊತ್ತಿನಲ್ಲಿ. ಹಾಗೆ ಸೋರಿದ್ದು ಮಗುವಿನ ಗ್ರೂಪನ್ನು ಬದಲಿಸುವುದಿಲ್ಲ. ಆದರೆ ಹೊತ್ತವಳ ಮೇಲೆ ಪರಿಣಾಮ ಮಾಡುತ್ತದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ದೇಶದಲ್ಲಿ ಲೆಕ್ಕ ಇನ್ನೂ ಸುಲಭ. 2022ರ ಜನವರಿ 25ರಿಂದ ಜಾರಿಗೆ ಬಂದ ಸರೊಗಸಿ ನಿಯಂತ್ರಣ ಕಾಯ್ದೆಯ ಪ್ರಕಾರ ಹೊರುವವಳು ತನ್ನದೇ ಅಂಡಾಣು ಕೊಡುವಂತಿಲ್ಲ. ಹಾಗಾಗಿ ಕಾನೂನಿನ ಪ್ರಕಾರ ನಡೆದ ಯಾವ ಸರೊಗಸಿಯಲ್ಲೂ ಅವಳ ವಂಶವಾಹಿ ಮಗುವಿಗೆ ಬರುವುದಿಲ್ಲ. ನಾದಿನಿಯೋ ಓರಗಿತ್ತಿಯೋ ಹೊತ್ತರೂ ಅಷ್ಟೇ. ಹೊರುವವಳು 25ರಿಂದ 35 ವರ್ಷದೊಳಗಿನವಳಾಗಿರಬೇಕು, ಮದುವೆಯಾಗಿ ತನ್ನದೊಂದು ಮಗು ಇರಬೇಕು, ಜೀವಮಾನದಲ್ಲಿ ಒಮ್ಮೆ ಮಾತ್ರ ಹೊರಬಹುದು, ಅದಕ್ಕೆ ಹಣ ಪಡೆಯುವಂತಿಲ್ಲ. ‘ಮದುವೆಯಾಗಿ ಮಗು ಇರಬೇಕು’ ಎಂಬುದನ್ನು ನೆನಪಿಡಿ. ಅವಳು ಹಿಂದೆ ಬಸಿರಾಗಿದ್ದಾಳೆ, ಅಂದರೆ ಅವಳ ರಕ್ತದಲ್ಲಿ ಆಗಲೇ ಪ್ರತಿಕಾಯಗಳು ಹುಟ್ಟಿಕೊಂಡಿರುವ ಸಾಧ್ಯತೆ ಇದೆ.

ಅಂಡಾಣು ಯಾರದು ಎಂಬುದು ಮಾತ್ರ ಫೈಲಿನಲ್ಲಿ ಖಚಿತವಾಗಿರಬೇಕು. ದಂಪತಿಯ ಹೆಂಡತಿಯದೇ ಇರಬಹುದು. 2024ರ ಫೆಬ್ರವರಿಯ ನಿಯಮ ತಿದ್ದುಪಡಿಯ ನಂತರ, ಜಿಲ್ಲಾ ವೈದ್ಯಕೀಯ ಮಂಡಳಿ ವೈದ್ಯಕೀಯ ಕಾರಣವನ್ನು ಪ್ರಮಾಣೀಕರಿಸಿದರೆ ದಂಪತಿಯಲ್ಲಿ ಒಬ್ಬರ ಬದಲು ದಾನಿಯ ಅಂಡಾಣು ಅಥವಾ ವೀರ್ಯಾಣು ಬಳಸಬಹುದು. ಇನ್ನೊಂದು ದಂಪತಿಯದೇ ಆಗಿರಬೇಕು. ವಿಧವೆ ಅಥವಾ ವಿಚ್ಛೇದಿತೆಯಾದರೆ ಅಂಡಾಣು ಅವಳದೇ, ವೀರ್ಯಾಣು ದಾನಿಯದು. ಅಂಡಾಣು ದಾನಿಯದಾಗಿದ್ದರೆ ಮಗುವಿನ ಗ್ರೂಪು ಲೆಕ್ಕ ಹಾಕುವಾಗ ಮನೆಯಲ್ಲಿ ಕಾದು ಕುಳಿತಿರುವ ತಾಯಿಯ ಗ್ರೂಪನ್ನು ಬದಿಗಿಟ್ಟು ದಾನಿಯ ಗ್ರೂಪು ಹಿಡಿಯಬೇಕು. ದಾನಿಯ ಗ್ರೂಪು ದಂಪತಿಯ ಗ್ರೂಪಿಗೆ ಹೊಂದುವಂತೆ ಆರಿಸಿಕೊಡಿ ಎಂದು ಹಲವರು ಕೇಳುತ್ತಾರೆ. ಅದರಿಂದ ಮಗುವಿನ ಆರೋಗ್ಯಕ್ಕೆ ಲಾಭವೇನೂ ಇಲ್ಲ. ನಾಳೆ ಶಾಲೆಯ ಕಾರ್ಡಿನಲ್ಲಿ ಗ್ರೂಪು ನೋಡಿದ ನೆಂಟರು ಪ್ರಶ್ನೆ ಕೇಳಬಾರದು ಎಂಬುದಷ್ಟೇ ಅದರ ಉಪಯೋಗ. ಅದೂ ಒಂದು ಕಾರಣವೇ, ಬೇಡ ಎನ್ನುವುದಿಲ್ಲ; ವೈದ್ಯಕೀಯ ಕಾರಣ ಎಂದು ಮಾತ್ರ ಕರೆಯಬೇಡಿ.

ಲೆಕ್ಕ ಹೀಗೆ. ಎ ಮತ್ತು ಬಿ ಎರಡೂ ಬಂದರೆ ಎರಡೂ ಕಾಣುತ್ತವೆ, ಅದು ಎಬಿ. ಓ ಎಂಬುದು ಜೊತೆಯಲ್ಲಿ ಎ ಅಥವಾ ಬಿ ಇದ್ದರೆ ಮರೆಯಾಗುತ್ತದೆ; ಎರಡೂ ಕಡೆಯಿಂದ ಓ ಬಂದರೆ ಮಾತ್ರ ಓ. ಆದ್ದರಿಂದ ತಂದೆ ಎ, ಅಂಡಾಣುವಿನ ಕಡೆ ಬಿ ಎಂದಿದ್ದು ಇಬ್ಬರಲ್ಲೂ ಒಂದೊಂದು ಓ ಅಡಗಿದ್ದರೆ ನಾಲ್ಕು ಗ್ರೂಪುಗಳಿಗೂ ತಲಾ ಶೇ. 25 ಅವಕಾಶ. ಒಬ್ಬರು ಓ, ಇನ್ನೊಬ್ಬರು ಎಬಿ ಆದರೆ ಮಗು ಎ ಅಥವಾ ಬಿ. ಓ ಆಗದು, ಎಬಿಯೂ ಆಗದು. ಇಬ್ಬರೂ ಓ ಆದರೆ ಓ. ಇಬ್ಬರೂ ಆರ್‌ಎಚ್ ನೆಗೆಟಿವ್ ಆದರೆ ಮಗು ನೆಗೆಟಿವ್. ಇಬ್ಬರೂ ಪಾಸಿಟಿವ್ ಆಗಿದ್ದೂ ನೆಗೆಟಿವ್ ಮಗು ಹುಟ್ಟಬಹುದು, ಅದರಲ್ಲಿ ಬೆರಗೇನಿಲ್ಲ. ಇವಕ್ಕೆ ಅಪವಾದಗಳಿವೆ, ಅವುಗಳಲ್ಲಿ ಮುಖ್ಯವಾದದ್ದು ನಮ್ಮ ಊರಿನ ಹೆಸರನ್ನೇ ಹೊತ್ತುಕೊಂಡಿದೆ.

ಈಗ ಎರಡನೆಯ ಪ್ರಶ್ನೆ. ನಿಜವಾಗಿ ತೊಂದರೆ ಹುಟ್ಟುವುದು ಇಲ್ಲಿ.

ಪ್ರತಿಕಾಯಗಳಲ್ಲಿ ಐಜಿಎಂ ದೊಡ್ಡದು, ಮಾಸನ್ನು ದಾಟುವುದಿಲ್ಲ. ಐಜಿಜಿ ದಾಟುತ್ತದೆ, ಸುಮ್ಮನೆ ಸೋರುವುದಲ್ಲ, ಮಾಸೇ ಅದನ್ನು ಹಿಡಿದು ಮಗುವಿನ ಕಡೆಗೆ ಸಾಗಿಸುತ್ತದೆ. ಹುಟ್ಟಿದ ಮಗುವಿಗೆ ಮೊದಲ ತಿಂಗಳುಗಳಲ್ಲಿ ಸೋಂಕಿನಿಂದ ರಕ್ಷಣೆ ಸಿಗುವುದು ಇದರಿಂದಲೇ. ಹೊತ್ತವಳ ಐಜಿಜಿಯಲ್ಲಿ ಮಗುವಿನ ಕಣಗಳಿಗೆ ವಿರೋಧಿಯಾದದ್ದು ಇದ್ದರೆ ಅದೂ ಇದೇ ದಾರಿಯಲ್ಲಿ ಹೋಗುತ್ತದೆ.

ಆರ್‌ಎಚ್ ನೆಗೆಟಿವ್ ಹೆಂಗಸು ಪಾಸಿಟಿವ್ ಮಗುವನ್ನು ಹೊತ್ತಾಗ, ಸೋರಿದ ಮಗುವಿನ ಕಣಗಳನ್ನು ಅವಳ ದೇಹ ಪರಕೀಯ ಎಂದು ಗುರುತಿಸಿ ಡಿ ಗುರುತಿನ ವಿರುದ್ಧ ಪ್ರತಿಕಾಯ, ಅಂದರೆ ಆಂಟಿ-ಡಿ, ತಯಾರಿಸಬಹುದು. ಮೊದಲ ಬಸಿರಿನಲ್ಲಿ ಸಾಮಾನ್ಯವಾಗಿ ಮಗು ಪಾರಾಗುತ್ತದೆ, ಮುಂದಿನದಕ್ಕೆ ಪೆಟ್ಟು. ಅವಳ ದೇಹ ತಾನೇ ಆಂಟಿ-ಡಿ ತಯಾರಿಸದಂತೆ ತಡೆಯಲು ಹೊರಗಿನಿಂದ ಆಂಟಿ-ಡಿ ಇಂಜೆಕ್ಷನ್ ಕೊಡುತ್ತಾರೆ. ಭಾರತದಲ್ಲಿ ಆರ್‌ಎಚ್ ನೆಗೆಟಿವ್ ಇರುವವರು ಸುಮಾರು ಶೇ. 5. ಹಾಗಾಗಿ ಸರೊಗೇಟ್ ನೆಗೆಟಿವ್ ಆಗಿರುವ ಕೇಸು ದಿನಾ ಬರುವುದಿಲ್ಲ, ಬಂದಾಗ ಎಡವುವುದಕ್ಕೂ ಅದೇ ಕಾರಣ.

ಎಲ್ಲಕ್ಕಿಂತ ಸಾಮಾನ್ಯವಾದ ಎಡವಟ್ಟು ಯಾವುದೆಂದರೆ, ಬಸಿರಿನ ತಪಾಸಣೆಯ ಎಎನ್‌ಸಿ ಕಾರ್ಡಿನಲ್ಲಿ ‘ಗಂಡನ ಬ್ಲಡ್ ಗ್ರೂಪು’ ಎಂದು ಒಂದು ಖಾನೆ ಇರುತ್ತದೆ. ದಾದಿ ಅಭ್ಯಾಸಬಲದಿಂದ ಸರೊಗೇಟ್‌ಳ ಗಂಡನ ಗ್ರೂಪು ಕೇಳಿ ಬರೆಯುತ್ತಾಳೆ. ಅವನೂ ನೆಗೆಟಿವ್ ಎಂದಿಟ್ಟುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ನೆಗೆಟಿವ್, ಮಗು ನೆಗೆಟಿವ್ವೇ, ಇಂಜೆಕ್ಷನ್ ಬೇಡ ಎಂದು ತೀರ್ಮಾನವಾಗಿಬಿಡುತ್ತದೆ. ಈ ಬಸಿರಿಗೂ ಅವನ ಗ್ರೂಪಿಗೂ ಸಂಬಂಧವೇ ಇಲ್ಲ! ಆ ಖಾನೆಯಲ್ಲಿ ಬರೆಯಬೇಕಾದ್ದು ವೀರ್ಯಾಣು ಕೊಟ್ಟವರ ಮತ್ತು ಅಂಡಾಣು ಕೊಟ್ಟವರ, ಇಬ್ಬರ ಗ್ರೂಪನ್ನು. ಅವರಿಬ್ಬರೂ ಖಚಿತವಾಗಿ ನೆಗೆಟಿವ್ ಆಗಿದ್ದರೆ ಮಾತ್ರ ಇಂಜೆಕ್ಷನ್ ಬಿಡುವ ಮಾತು ಎತ್ತಬಹುದು. ಸಾಮಾನ್ಯ ಬಸಿರಿನಲ್ಲಿ ತಾಯಿ ನೆಗೆಟಿವ್ ಆಗಿದ್ದರೆ ಮಗುವಿಗೆ ಅವಳಿಂದ ಒಂದು ನೆಗೆಟಿವ್ ಪ್ರತಿ ಬಂದೇ ಬರುತ್ತದೆ. ಇಲ್ಲಿ ಅದೂ ಇಲ್ಲ, ಎರಡೂ ಪಾಸಿಟಿವ್ ಪ್ರತಿಗಳಿರುವ ಮಗು ನೆಗೆಟಿವ್ ಗರ್ಭದಲ್ಲಿರಬಹುದು.

ಕ್ರಮ ಹೀಗಿರಲಿ. ಭ್ರೂಣ ಸೇರಿಸುವ ಮೊದಲೇ ಹೊರುವವಳ ಗ್ರೂಪು ಮತ್ತು ಐಸಿಟಿ, ಅಂದರೆ ಇನ್‌ಡೈರೆಕ್ಟ್ ಕೂಂಬ್ಸ್ ಪರೀಕ್ಷೆ; ಅವಳ ಪ್ಲಾಸ್ಮಾದಲ್ಲಿ ಬೇರೆಯವರ ಕೆಂಪು ಕಣಕ್ಕೆ ವಿರೋಧಿಯಾದ ಪ್ರತಿಕಾಯ ಇದೆಯೇ ಎಂದು ತೋರಿಸುವುದು ಇದು. ಅವಳು ಪಾಸಿಟಿವ್ ಆಗಿದ್ದರೂ ಐಸಿಟಿ ಬಿಡಬಾರದು. ಆಂಟಿ-ಸಿ, ಆಂಟಿ-ಕೆಲ್‌ನಂಥ ಬೇರೆ ಪ್ರತಿಕಾಯಗಳು ಹಿಂದಿನ ಬಸಿರಿನಿಂದಲೋ ರಕ್ತ ಏರಿಸಿದ್ದರಿಂದಲೋ ಬಂದಿರಬಹುದು. ನೆಗೆಟಿವ್ ಹೆಂಗಸಿನಲ್ಲಿ ಆಗಲೇ ಆಂಟಿ-ಡಿ ಇದ್ದರೆ ಪಾಸಿಟಿವ್ ಆಗಬಹುದಾದ ಭ್ರೂಣವನ್ನು ಅವಳಿಗೆ ಹೊರಿಸಬಾರದು, ಚರ್ಚೆಗೆ ಜಾಗವಿಲ್ಲ. ಪ್ರತಿಕಾಯ ಇಲ್ಲದಿದ್ದರೆ ನೆಗೆಟಿವ್ ಎಂಬ ಒಂದೇ ಕಾರಣಕ್ಕೆ ಅವಳನ್ನು ಬೇಡ ಎನ್ನಬೇಕಿಲ್ಲ. 28ನೇ ವಾರಕ್ಕೆ ಮತ್ತೆ ಐಸಿಟಿಗೆ ರಕ್ತ ತೆಗೆದು, ಆಮೇಲೆ 300 ಮೈಕ್ರೊಗ್ರಾಂ ಆಂಟಿ-ಡಿ ಇಂಜೆಕ್ಷನ್. ಈ ಅನುಕ್ರಮ ತಿರುವುಮುರುವಾಗಬಾರದು. ಇಂಜೆಕ್ಷನ್ ಕೊಟ್ಟು ಆಮೇಲೆ ರಕ್ತ ತೆಗೆದರೆ, ಇಂಜೆಕ್ಷನ್ನಿನ ಆಂಟಿ-ಡಿಯೇ ವಾರಗಟ್ಟಲೆ ಐಸಿಟಿಯಲ್ಲಿ ಕಾಣುತ್ತದೆ, ಅವಳದೇ ಪ್ರತಿಕಾಯವೋ ಔಷಧಿಯದೋ ತಿಳಿಯದೆ ಎಲ್ಲರೂ ಒದ್ದಾಡುತ್ತಾರೆ. ಹೆರಿಗೆಯಾಗಿ ಮಗು ಪಾಸಿಟಿವ್ ಎಂದಾದರೆ 72 ಗಂಟೆಯೊಳಗೆ ಇನ್ನೊಮ್ಮೆ 300 ಮೈಕ್ರೊಗ್ರಾಂ. ಅಷ್ಟು ಔಷಧಿ ಮಗುವಿನ ಸುಮಾರು 30 ಮಿ.ಲೀ. ರಕ್ತ ಸೋರಿದ್ದನ್ನು ನಿಭಾಯಿಸುತ್ತದೆ; ಸಿಸೇರಿಯನ್‌ನಲ್ಲಿ ರಕ್ತಸ್ರಾವ ಜೋರಾಗಿದ್ದರೆ, ಅವಳಿ ಇದ್ದರೆ ಎಷ್ಟು ಸೋರಿದೆ ಎಂದು ಕ್ಲೈಹೌವರ್ ಪರೀಕ್ಷೆ ಮಾಡಿ ಡೋಸ್ ಏರಿಸಬೇಕಾಗಬಹುದು. ಗರ್ಭಪಾತವಾದಾಗಲೂ, ಹೊಟ್ಟೆಗೆ ಪೆಟ್ಟು ಬಿದ್ದಾಗಲೂ ಆಂಟಿ-ಡಿಯ ಪ್ರಶ್ನೆ ಎತ್ತಲೇಬೇಕು.

ಹೆರಿಗೆಯ ನಂತರದ ಡೋಸ್ ಸರೊಗಸಿಯಲ್ಲಿ ತಪ್ಪಿಹೋಗುವ ಭಯ ಹೆಚ್ಚು. ಮಗು ಹುಟ್ಟಿದ ಕೂಡಲೇ ಎಲ್ಲರ ಗಮನ ಮಗುವಿನ ಕಡೆ, ದಂಪತಿಯ ಕಡೆ. ಮಗುವಿನ ಗ್ರೂಪಿನ ರಿಪೋರ್ಟು ದಂಪತಿಯ ಫೈಲಿಗೆ ಹೋಗುತ್ತದೆ. ಹೊತ್ತವಳ ಫೈಲು ಬೇರೆ ವಾರ್ಡಿನಲ್ಲಿ. ಎರಡು ಫೈಲು ಒಂದಕ್ಕೊಂದು ಮಾತಾಡದಿದ್ದರೆ ಅವಳು ಇಂಜೆಕ್ಷನ್ ಇಲ್ಲದೆ ಮನೆಗೆ ಹೋಗುತ್ತಾಳೆ. ತಮ್ಮ ಮಗು ಚೆನ್ನಾಗಿರುವುದರಿಂದ ದಂಪತಿಗೆ ಏನೂ ತಿಳಿಯುವುದಿಲ್ಲ. ಕಷ್ಟ ಬರುವುದು ಅವಳಿಗೆ ತನ್ನದೇ ಇನ್ನೊಂದು ಮಗು ಬೇಕೆನಿಸಿದಾಗ, ಇಲ್ಲವೇ ತುರ್ತಿನಲ್ಲಿ ರಕ್ತ ಬೇಕಾದಾಗ. ನನ್ನ ಮಟ್ಟಿಗೆ ಇದು ಇಡೀ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಅನ್ಯಾಯ, ಮತ್ತು ತಡೆಯಲು ಎಲ್ಲಕ್ಕಿಂತ ಸುಲಭವಾದದ್ದು. ಡಿಸ್ಚಾರ್ಜ್ ಕಾಗದದಲ್ಲಿ ಆಂಟಿ-ಡಿ ಕೊಟ್ಟ ದಿನ, ಗಂಟೆ, ಡೋಸ್ ಬರೆದಿದೆಯೇ ಎಂದು ದಂಪತಿಯೇ ನೋಡಲಿ. 72 ಗಂಟೆ ದಾಟಿತೆಂದು ಕೈಬಿಡಬಾರದು. 10 ದಿನದೊಳಗೆ ಕೊಟ್ಟರೂ ಸ್ವಲ್ಪ ಮಟ್ಟಿಗೆ ಉಪಯೋಗವಿದೆ.

ಎಬಿಓ ಹೊಂದಾಣಿಕೆಯ ತೊಡಕು ಇಷ್ಟು ಗಂಭೀರವಲ್ಲ. ಓ ಗ್ರೂಪಿನವಳ ರಕ್ತದಲ್ಲಿ ಎ ಮತ್ತು ಬಿ ವಿರೋಧಿ ಐಜಿಜಿ ಎಳವೆಯಿಂದಲೇ, ಸುತ್ತಲಿನ ವಾತಾವರಣದ ಪ್ರಚೋದನೆಯಿಂದ ಬಂದಿರುತ್ತದೆ, ಹಾಗಾಗಿ ಮೊದಲ ಬಸಿರಿನಲ್ಲೂ ಮಗುವಿಗೆ ಕಾಮಾಲೆ ಬರಬಹುದು. ಮಗುವಿನ ಕಣಗಳ ಮೇಲೆ ಎ, ಬಿ ಗುರುತು ಇನ್ನೂ ಪೂರ್ತಿ ಬೆಳೆದಿರದ ಕಾರಣ ಹೆಚ್ಚಿನವು ನೀಲಿ ಬೆಳಕಿನ ಚಿಕಿತ್ಸೆಯಲ್ಲೇ ಗುಣವಾಗುತ್ತವೆ. ಓ ಸರೊಗೇಟ್ ಬೇಡ ಎಂದು ಹಟ ಹಿಡಿಯುವುದು ವ್ಯರ್ಥ. ಆದರೆ ಮೊದಲ 24 ಗಂಟೆಯೊಳಗೆ ಮೈ ಹಳದಿಯಾದರೆ ಅದನ್ನು ಮಾಮೂಲು ಕಾಮಾಲೆ ಎನ್ನಬಾರದು, ತಕ್ಷಣ ರಕ್ತದಲ್ಲಿ ಬಿಲಿರುಬಿನ್, ಅಂದರೆ ಮೈಯನ್ನು ಹಳದಿ ಮಾಡುವ ಪದಾರ್ಥ, ಎಷ್ಟಿದೆ ಎಂದು ನೋಡಬೇಕು. ಬಿಸಿಲಿಗೆ ಹಿಡಿಯಿರಿ ಎಂಬ ಅಜ್ಜಿಯ ಸಲಹೆ ಆ ದಿನಕ್ಕಲ್ಲ.

ಲ್ಯಾಬಿನಲ್ಲಿ ಏನೇನು ಕೆಡುತ್ತದೆ ನೋಡಿ. ಹೊಕ್ಕುಳಬಳ್ಳಿಯ ಹೊರಗನ್ನು ಒರೆಸಿ, ರಕ್ತನಾಳಕ್ಕೆ ಸೂಜಿ ಹಾಕಿ 2–3 ಮಿ.ಲೀ. ಎಳೆದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿಗೆ ಹಾಕಬೇಕು. ಅವಸರದಲ್ಲಿ ಬಳ್ಳಿಯನ್ನು ಹಿಂಡಿ ಟ್ಯೂಬಿಗೆ ಸುರಿದರೆ ಅದರೊಳಗಿನ ಲೋಳೆ, ವಾರ್ಟನ್ಸ್ ಜೆಲ್ಲಿ, ಬೆರೆತು ಕಣಗಳು ಸುಮ್ಮಸುಮ್ಮನೆ ಅಂಟಿಕೊಳ್ಳುತ್ತವೆ. ಆಗ ಓ ಮಗುವೂ ಎಬಿಯಂತೆ ಕಾಣುತ್ತದೆ. ಸಲೈನಿನಲ್ಲಿ ನಾಲ್ಕಾರು ಸಲ ತೊಳೆದು ಪರೀಕ್ಷಿಸಿದರೆ ಸರಿಹೋಗುತ್ತದೆ. ಆಗಲೂ ಅನುಮಾನವಿದ್ದರೆ ಹಿಮ್ಮಡಿಯಿಂದ ರಕ್ತ ತೆಗೆಯಬೇಕು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ಎ ಅಥವಾ ಬಿ ಗುರುತು ದುರ್ಬಲವಾಗಿರುವ ಮಗು ಹುಟ್ಟಿದ ದಿನ ಓ ಎಂದು ವರದಿಯಾಗುವುದು. ಹೊತ್ತವಳಲ್ಲಿ ಆಂಟಿ-ಡಿ ವಿಪರೀತವಿದ್ದರೆ ಅದು ಮಗುವಿನ ಕಣಗಳನ್ನೆಲ್ಲ ಮುಚ್ಚಿಬಿಟ್ಟು ಪಾಸಿಟಿವ್ ಮಗು ನೆಗೆಟಿವ್ ಎಂದು ಕಾಣುತ್ತದೆ. ಕಣಗಳ ಮೇಲೆ ಪ್ರತಿಕಾಯ ಅಂಟಿದೆಯೇ ಎಂದು ತೋರಿಸುವ ಡೈರೆಕ್ಟ್ ಕೂಂಬ್ಸ್ ಪರೀಕ್ಷೆ ಜೋರಾಗಿ ಪಾಸಿಟಿವ್ ಬಂದಿದ್ದರೆ ಈ ಸಂಶಯ ಬರಬೇಕು. ದೊಡ್ಡವರಲ್ಲಿ ಕಣ ಮತ್ತು ಪ್ಲಾಸ್ಮಾ ಎರಡನ್ನೂ ಪರೀಕ್ಷಿಸಿ ತಾಳೆ ನೋಡುತ್ತೇವೆ. ನವಜಾತ ಶಿಶುವಿನಲ್ಲಿ ಪ್ಲಾಸ್ಮಾದ ಪರೀಕ್ಷೆ ಮಾಡುವುದಿಲ್ಲ, ಏಕೆಂದರೆ ಅಲ್ಲಿ ಸಿಗುವುದು ಹೊತ್ತವಳ ಪ್ರತಿಕಾಯಗಳು. ಮಗುವಿನ ಸ್ವಂತದವು ಮೂರರಿಂದ ಆರು ತಿಂಗಳಲ್ಲಿ ತಲೆ ಎತ್ತುತ್ತವೆ. ಅದಕ್ಕೇ ಹುಟ್ಟಿದ ದಿನದ ಗ್ರೂಪನ್ನು ತಾತ್ಕಾಲಿಕ ಎಂದುಕೊಂಡು, ಒಂದು ವರ್ಷದ ಮೇಲೆ ಮತ್ತೊಮ್ಮೆ ಮಾಡಿಸಿ.

ಇನ್ನೊಂದು ಮಾತು ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ, ಅಂದರೆ ಎನ್‌ಐಸಿಯುಗೆ ಸೇರಿದ್ದು. ನವಜಾತ ಶಿಶುವಿಗೆ ರಕ್ತ ಬೇಕಾದರೆ ತಾಯಿಯ ಮಾದರಿಯೊಂದಿಗೆ ಕ್ರಾಸ್‌ಮ್ಯಾಚ್ ಮಾಡುತ್ತಾರೆ. ಇಲ್ಲಿ ಬೇಕಾದ್ದು ಹೊತ್ತವಳ ಮಾದರಿ. ದಂಪತಿಯ ಹೆಂಡತಿ ಪ್ರೀತಿಯಿಂದ ಕೈ ಚಾಚಿದರೂ ಅವಳ ರಕ್ತ ಈ ಕೆಲಸಕ್ಕೆ ಬಾರದು. ಮಗುವಿನಲ್ಲಿ ಅವಳ ಪ್ರತಿಕಾಯ ಒಂದೂ ಇಲ್ಲ. ಹೆರಿಗೆ ಥಾಣೆ ನಗರದಲ್ಲಿ ಆಗಿ ಮಗುವನ್ನು ದಾದರ್ ಕಡೆಯ ಆಸ್ಪತ್ರೆಗೆ ಸಾಗಿಸುವುದಾದರೆ, ಆಂಬುಲೆನ್ಸಿನಲ್ಲಿ ಹೊತ್ತವಳ 5 ಮಿ.ಲೀ. ರಕ್ತವೂ, ಅವಳ ಗ್ರೂಪು ಮತ್ತು ಐಸಿಟಿ ವರದಿಯೂ ಹೋಗಲಿ.

ಇನ್ನು ನಮ್ಮ ಊರಿನ ಅಪವಾದ. 1952ರಲ್ಲಿ ಡಾ. ವೈ.ಎಂ. ಭೆಂಡೆ ಮತ್ತು ಸಂಗಡಿಗರು ವರದಿ ಮಾಡಿದ ಬಾಂಬೆ ಬ್ಲಡ್ ಗ್ರೂಪು. ಎ ಮತ್ತು ಬಿ ಗುರುತುಗಳು ಕೂರುವುದು ಎಚ್ ಎಂಬ ಅಡಿಪಾಯದ ಮೇಲೆ. ಅದನ್ನು ಕಟ್ಟುವ ವಂಶವಾಹಿ 19ನೇ ವರ್ಣತಂತುವಿನಲ್ಲಿದೆ. ಎರಡೂ ಪ್ರತಿ ಕೆಟ್ಟಿದ್ದರೆ ಎಚ್ ಇಲ್ಲ, ಎಚ್ ಇಲ್ಲದೆ ಎ, ಬಿ ಇದ್ದೂ ಕಾಣುವುದಿಲ್ಲ. ಸ್ಲೈಡ್ ಪರೀಕ್ಷೆಯಲ್ಲಿ ಇವರು ಓ ಎಂದೇ ಕಾಣುತ್ತಾರೆ. ಮುಂಬೈಯ ಸುತ್ತ 10,000ಕ್ಕೆ ಒಬ್ಬರು ಎಂಬ ಅಂದಾಜು ಬಳಕೆಯಲ್ಲಿದೆ. ಸೋದರಮಾವನ, ಸೋದರತ್ತೆ ಮಗನ ಸಂಬಂಧ ಬೆಳೆಸುವ ಮನೆತನಗಳಲ್ಲಿ ಇದು ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು, ನಮ್ಮ ಕಡೆಯವರು ಇದನ್ನು ಗಮನಿಸಬೇಕು.

ಸರೊಗಸಿಯಲ್ಲಿ ಇದು ಹೇಗೆ ಬೆಂಕಿ ಹಚ್ಚುತ್ತದೆಂದರೆ: ತಂದೆಯ ಕಾರ್ಡಿನಲ್ಲಿ ಓ, ತಾಯಿಯದೂ ಓ, ಅಂಡಾಣು ಅವಳದೇ. ಮಗು ಬಿ! ಕ್ಲಿನಿಕ್‌ನಲ್ಲಿ ಭ್ರೂಣ ಅದಲುಬದಲಾಯಿತು ಎಂದು ಜಗಳ ಏಳುತ್ತದೆ. ತಂದೆ ಬಾಂಬೆ ಗ್ರೂಪಿನವನಾಗಿದ್ದು ಒಳಗೆ ಬಿ ಅಡಗಿದ್ದರೆ, ತಾಯಿಯಿಂದ ಒಳ್ಳೆಯ ಎಚ್ ಪ್ರತಿ ಸಿಕ್ಕ ಮಗುವಿನಲ್ಲಿ ಆ ಬಿ ಹೊರಬರುತ್ತದೆ. ಪತ್ತೆ ಸುಲಭ: ಅವನ ಪ್ಲಾಸ್ಮಾಕ್ಕೆ ಓ ಕಣ ಹಾಕಿದರೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ, ನಿಜವಾದ ಓ ಮನುಷ್ಯನಲ್ಲಿ ಹಾಗಾಗದು. ಕಣದ ಮೇಲೆ ಎಚ್ ಇದೆಯೇ ಎಂದು ತೋರಿಸುವ ಆಂಟಿ-ಎಚ್ ಲೆಕ್ಟಿನ್ ಹಾಕಿ ದೃಢಪಡಿಸುತ್ತಾರೆ. ಪರೇಲಿನ ಕೆಇಎಂ ಆಸ್ಪತ್ರೆ ಆವರಣದಲ್ಲೇ ಐಸಿಎಂಆರ್‌ನ ಇಮ್ಯುನೊಹೆಮಟಾಲಜಿ ಸಂಸ್ಥೆ ಇದೆ, ಇಂಥ ಕಗ್ಗಂಟು ಬಿಡಿಸುವುದು ಅವರಿಗೆ ಹೊಸದಲ್ಲ. ಇದೇ ಕೆಇಎಂನಲ್ಲಿ 1986ರ ಆಗಸ್ಟ್ 6ರಂದು ಡಾ. ಇಂದಿರಾ ಹಿಂದೂಜಾ ಮತ್ತು ಡಾ. ಟಿ.ಸಿ. ಆನಂದ್ ಕುಮಾರ್ ಅವರ ಪ್ರಯತ್ನದಿಂದ ಪ್ರನಾಳ ಶಿಶು ಹುಟ್ಟಿದ್ದು. ಎರಡು ವಿದ್ಯೆಗಳೂ ಒಂದೇ ಗೇಟಿನೊಳಗೆ ಬೆಳೆದವು.

ಗ್ರೂಪು ಹೊಂದಲಿಲ್ಲ ಎಂದಾಗ ಸಂಶಯ ಪಡುವುದಕ್ಕೂ ಒಂದು ವರಸೆ ಬೇಕು. ಮೊದಲು ಚೀಟಿ ಮತ್ತು ಟ್ಯೂಬು. ಆಮೇಲೆ ದಂಪತಿಯ ಹಳೆಯ ಕಾರ್ಡುಗಳು. ರಕ್ತದಾನ ಶಿಬಿರದ ಗಡಿಬಿಡಿಯಲ್ಲಿ ಬರೆದ ಗ್ರೂಪನ್ನು ನಂಬಿ ಸರೊಗಸಿ ಫೈಲು ತುಂಬಬೇಡಿ, ಹೊಸದಾಗಿ ಕಣದ್ದು, ಪ್ಲಾಸ್ಮಾದ್ದು ಎರಡೂ ಬಗೆಯ ಪರೀಕ್ಷೆ ಮಾಡಿಸಿ. ಅನಂತರ ದುರ್ಬಲ ಎ, ಬಾಂಬೆ, ಮತ್ತು ಎ, ಬಿ ಎರಡೂ ಒಂದೇ ವರ್ಣತಂತುವಿನಲ್ಲಿ ಬರುವ ಅಪರೂಪದ ಸಿಸ್-ಎಬಿ. ಕೊನೆಗೆ ಭ್ರೂಣದ ಅದಲುಬದಲು. ಇನ್ನೊಂದು ಸಾಧ್ಯತೆಯನ್ನು ಜನ ನಾಚಿಕೆಯಿಂದ ಬಾಯಿಬಿಡುವುದಿಲ್ಲ: ಹೊತ್ತವಳ ಸಹಜ ಋತುಚಕ್ರದಲ್ಲೇ ಭ್ರೂಣ ಸೇರಿಸಿದ್ದರೆ ಅವಳದೇ ಅಂಡಾಣುವೂ ಬಿಡುಗಡೆಯಾಗಿರುತ್ತದೆ, ಆ ದಿನಗಳಲ್ಲಿ ಗಂಡನ ಸಂಪರ್ಕವಾಗಿದ್ದರೆ ಹುಟ್ಟಿದ್ದು ಅವರದೇ ಮಗುವಾಗಿರಬಹುದು. ಅದಕ್ಕೇ ಸಂಪರ್ಕ ಬೇಡ ಎಂದು ಮೊದಲೇ ಇಬ್ಬರನ್ನೂ ಕೂರಿಸಿ ಹೇಳಬೇಕು. ಇವೆಲ್ಲವನ್ನೂ ತೀರ್ಮಾನಿಸುವುದು ಡಿಎನ್‌ಎ ಪರೀಕ್ಷೆ ಮಾತ್ರ. ಗ್ರೂಪು ಹೊಂದಿತೆಂದು ಮಗು ನಿಮ್ಮದೇ ಎಂದು ಸಾಬೀತಾಗದು, ಎಷ್ಟೋ ಲಕ್ಷ ಜನರ ಗ್ರೂಪು ಅದೇ ಇರುತ್ತದೆ. ಹೊಂದಲಿಲ್ಲವೆಂದು ಅಲ್ಲ ಎಂದೂ ಆಗದು.

ಪ್ರಶ್ನೆಗಳಲ್ಲಿ ಕೆಲವು.

‘ಹೊತ್ತವಳು ಹಾಲು ಕುಡಿಸಿದರೆ ಗ್ರೂಪು ಬದಲಾಗುತ್ತದೆಯೇ ಸಾರ್?’ ಇಲ್ಲಮ್ಮ. ಎದೆಹಾಲಿನಲ್ಲಿ ಪ್ರತಿಕಾಯಗಳಿರುತ್ತವೆ, ಗ್ರೂಪಿಗೆ ಅವುಗಳಿಂದ ಏನೂ ಆಗದು.

‘ಎರಡು ಭ್ರೂಣ ಹಾಕಿದರೆ ಅವಳಿಗಳ ಗ್ರೂಪು ಬೇರೆ ಬೇರೆ ಇರಬಹುದೇ?’ ಇರಬಹುದು, ಒಡಹುಟ್ಟಿದವರಲ್ಲಿ ಇರುವ ಹಾಗೆಯೇ. ಆದರೆ ನಿಯಮದ ಪ್ರಕಾರ ಒಮ್ಮೆಗೆ ಒಂದೇ ಭ್ರೂಣ. ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರವರೆಗೆ.

‘ನನ್ನ ತಮ್ಮನಿಗೆ ಬಾಂಬೆ ಗ್ರೂಪು ಅಂತ ಈಗ ಗೊತ್ತಾಗಿದೆ. ನಾನು ಸರೊಗಸಿಗೆ ಅರ್ಜಿ ಹಾಕಿದ್ದೇನೆ, ನಾನೂ ನೋಡಿಸಿಕೊಳ್ಳಬೇಕಾ?’ ಖಂಡಿತ ಬೇಕು. ಒಬ್ಬರಿಗಿದ್ದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಅವಕಾಶ. ನಿಮ್ಮ ಕಾರ್ಡಿನಲ್ಲಿ ಎ, ಬಿ ಅಥವಾ ಎಬಿ ಎಂದಿದ್ದರೆ ನೀವು ಬಾಂಬೆ ಅಲ್ಲ. ಓ ಎಂದಿದ್ದರೆ ಪ್ಲಾಸ್ಮಾ ಪರೀಕ್ಷೆ ಮತ್ತು ಆಂಟಿ-ಎಚ್ ಎರಡನ್ನೂ ಮಾಡಿಸಿ. ಬಾಂಬೆ ಎಂದು ಬಂದರೆ, ಅಂಡಾಣು ತೆಗೆಯುವ ದಿನಕ್ಕೆ ಮುಂಚೆಯೇ ಬ್ಲಡ್ ಬ್ಯಾಂಕಿಗೆ ತಿಳಿಸಿಡಿ. ನಿಮಗೆ ರಕ್ತ ಬೇಕಾದರೆ ಓ ನಡೆಯುವುದಿಲ್ಲ, ಬಾಂಬೆಯೇ ಆಗಬೇಕು, ಅದನ್ನು ಹುಡುಕಲು ಸಮಯ ಹಿಡಿಯುತ್ತದೆ.